ಏಪ್ರಿಲ್ 25, ಮೇ 1: ಇಟಲಿಯಲ್ಲಿ ಸರ್ಕಾರಿ ರಜೆ ಇದ್ದರೆ ನಮ್ಮ ಟೂರ್ ಗತಿ ಏನು?

ಪ್ರಶ್ನೆ: ನಾವು ದಾವಣಗೆರೆಯವರು. ಮಕ್ಕಳ ಬೇಸಿಗೆ ರಜೆಯಲ್ಲಿ ಇಟಲಿಗೆ ಹೊರಟಿದ್ದೇವೆ. ನಾನು, ಯಜಮಾನರು, 16ರ ಮಗಳು, 9ರ ಮಗ, ಜೊತೆಗೆ 68 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು, ಶುಗರ್ ಎರಡೂ ಇದೆ. ನಾವೆಲ್ಲ ಸಸ್ಯಾಹಾರಿಗಳು. ಏಪ್ರಿಲ್ 23ಕ್ಕೆ ಮಿಲಾನ್‌ನಲ್ಲಿ ಇಳಿಯುತ್ತೇವೆ. 24, 25 ವೆನಿಸ್, ಹೋಟೆಲ್ ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ಪಕ್ಕದ ಮೆಸ್ತ್ರೆಯಲ್ಲಿ. 26ಕ್ಕೆ ಫ್ಲಾರೆನ್ಸ್, 29ಕ್ಕೆ ರೋಮ್, ಅಲ್ಲಿ ಸ್ಯಾನ್ ಜೊವಾನ್ನಿ ಮೆಟ್ರೋ ಪಕ್ಕದಲ್ಲೇ ರೂಮು. ಮೇ 3ರ ರಾತ್ರಿ ವಾಪಸ್. ಮೇ 1ಕ್ಕೆ ವ್ಯಾಟಿಕನ್ ಮ್ಯೂಸಿಯಂ ಅಂತ ಬರೆದುಕೊಂಡಿದ್ದೇವೆ, ಟಿಕೆಟ್ ಇನ್ನೂ ತೆಗೆದಿಲ್ಲ. ವೀಸಾ ಬಂದಾಗಿದೆ. ಈಗ ಪರಿಚಯದವರೊಬ್ಬರು, "ಏಪ್ರಿಲ್ 25, ಮೇ 1 ಎರಡೂ ಅಲ್ಲಿ ರಾಷ್ಟ್ರೀಯ ರಜೆ. ಇಡೀ ದೇಶ ಬಂದ್. ಊಟಾನೂ ಸಿಗಲ್ಲ, ಅವಲಕ್ಕಿ ಕಟ್ಟಿಕೊಂಡು ಹೋಗಿ" ಎಂದು ಹೆದರಿಸಿದ್ದಾರೆ. ವಿಮಾನದ ದಿನಾಂಕ ಬದಲಿಸಲು ತಲೆಗೆ 14,000 ರೂಪಾಯಿ ಕೇಳುತ್ತಿದ್ದಾರೆ. ಬದಲಿಸಬೇಕಾ?

ಉತ್ತರ: ಬೇಡ. ಐದು ಜನಕ್ಕೆ 70,000 ರೂಪಾಯಿ ಆಯಿತು, ಅದನ್ನು ಉಳಿಸಿಕೊಳ್ಳಿ. ಅವಲಕ್ಕಿ ಮಾತ್ರ ಕಟ್ಟಿಕೊಳ್ಳಿ, ರಜೆ ಇರಲಿ ಬಿಡಲಿ ಅದು ಬ್ಯಾಗಿನಲ್ಲಿರಬೇಕು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗಿರುವ ಭಯ ಒಂದು, ನಿಜವಾಗಿ ತೊಂದರೆ ಕೊಡಬಹುದಾದದ್ದು ಇನ್ನೊಂದು. ಬಾಗಿಲು ಮುಚ್ಚಿರುತ್ತದೆ ಎನ್ನುವುದು ನಿಮ್ಮ ಭಯ. ಯುರೋಪಿಗೆ ಜನರನ್ನು ಕರೆದುಕೊಂಡು ಹೋಗುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ರಜೆಯ ದಿನ ನನ್ನನ್ನು ಕಾಡಿದ್ದು ಮುಚ್ಚಿದ ಬಾಗಿಲಿಗಿಂತ ಜಾಸ್ತಿ, ತೆರೆದ ಬಾಗಿಲ ಮುಂದಿನ ಸಾಲು. ಇನ್ನೊಂದು, ಬಾರದ ಬಸ್ಸು.

ಮೊದಲು ಈ ರಜೆಗಳು ಏನು ಅಂತ ನೋಡಿ. ಏಪ್ರಿಲ್ 25 ಅವರ ವಿಮೋಚನಾ ದಿನ. 1945ರಲ್ಲಿ ನಾಜಿಗಳ ಮತ್ತು ಫ್ಯಾಸಿಸ್ಟರ ಹಿಡಿತದಿಂದ ಬಿಡುಗಡೆಯಾದ ನೆನಪು. ಮೇ 1 ನಮಗೂ ಗೊತ್ತಿರುವ ಕಾರ್ಮಿಕರ ದಿನ. ಜೂನ್ 2 ಗಣರಾಜ್ಯ ದಿನ, 1946ರಲ್ಲಿ ರಾಜ ಬೇಡ ಎಂದು ಮತ ಹಾಕಿದ ದಿನ. ಏಪ್ರಿಲ್ ಕೊನೆಯಿಂದ ಜೂನ್ ಶುರುವಿನೊಳಗೆ ಮೂರೂ ಬಂದುಬಿಡುತ್ತವೆ. ನಮ್ಮ ಕಡೆ ಮಕ್ಕಳಿಗೆ ರಜೆ ಇರುವುದೂ ಆಗಲೇ. ಹಾಗಾಗಿ ಕರ್ನಾಟಕದಿಂದ ಹೋಗುವ ಕುಟುಂಬಗಳು ಇದರಲ್ಲಿ ಒಂದಕ್ಕಾದರೂ ಸಿಕ್ಕಿಬೀಳುತ್ತವೆ. ನೀವು ಎರಡಕ್ಕೆ ಸಿಕ್ಕಿದ್ದೀರಿ.

ಅಲ್ಲಿ ರಜೆ ಭಾನುವಾರ ಬಿದ್ದರೆ ಅದನ್ನು ಸೋಮವಾರಕ್ಕೆ ತಳ್ಳುವ ಪದ್ಧತಿ ಇಲ್ಲ. ಬಿದ್ದ ದಿನ ಬಿತ್ತು, ಅಷ್ಟೇ. ಮಂಗಳವಾರವೋ ಗುರುವಾರವೋ ಬಂದರೆ ಜನ ನಡುವಿನ ಒಂದು ದಿನ ಲೀವ್ ಹಾಕಿ ನಾಲ್ಕು ದಿನ ಮಾಡಿಕೊಳ್ಳುತ್ತಾರೆ. ಇದನ್ನು ಅವರು 'ಪೊಂತೆ' ಅನ್ನುತ್ತಾರೆ, ಅಂದರೆ ಸೇತುವೆ. ನಾವು ಸಾಲು ರಜೆ ಅನ್ನುವುದಿಲ್ಲವಾ, ಅದೇ. ಸಾಲು ರಜೆಯಲ್ಲಿ ಮಡಿಕೇರಿ ರಸ್ತೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಈ ಸಲ ಏಪ್ರಿಲ್ 25 ಶನಿವಾರ ಬಂದಿದೆ. ಶನಿವಾರ ಹೇಗೂ ಹೆಚ್ಚಿನವರಿಗೆ ರಜೆ, ಹಾಗಾಗಿ ಸೇತುವೆ ಕಟ್ಟಲು ಜಾಗವಿಲ್ಲ. ಮೇ 1 ಶುಕ್ರವಾರ. ಲೀವ್ ಹಾಕದೆಯೇ ಮೂರು ದಿನ ಸಿಕ್ಕಿತು. ನಿಮ್ಮ ಪಟ್ಟಿಯಲ್ಲಿ ಜಾಸ್ತಿ ಗಮನ ಬೇಡುವುದು ರೋಮ್‌ನ ಆ ಮೂರು ದಿನ.

ಈಗ ವ್ಯಾಟಿಕನ್. ನಿಮ್ಮ ಯೋಜನೆಯಲ್ಲಿ ನಿಜವಾಗಿ ತಪ್ಪಾಗಿರುವುದು ಇದೊಂದೇ. ವ್ಯಾಟಿಕನ್ ರೋಮ್ ಊರೊಳಗೇ ಇದ್ದರೂ ಬೇರೆ ದೇಶ. ಅದರ ರಜೆ ಪಟ್ಟಿ ಬೇರೆ. ಇಟಲಿಯ ಏಪ್ರಿಲ್ 25, ಜೂನ್ 2 ಅವರಿಗೆ ಲೆಕ್ಕಕ್ಕಿಲ್ಲ, ಮ್ಯೂಸಿಯಂ ಎಂದಿನಂತೆ ತೆರೆಯುತ್ತದೆ. ಮೇ 1ಕ್ಕೆ ಮಾತ್ರ ಮುಚ್ಚುತ್ತದೆ. 1955ರಲ್ಲಿ ಆಗಿನ ಪೋಪ್ 12ನೇ ಪಿಯುಸ್ ಅವರು ಆ ದಿನವನ್ನು ದುಡಿಯುವವರ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಹಾಗಾಗಿ ನೀವು ಬರೆದುಕೊಂಡ ದಿನ ಹೋದರೆ ಮುಚ್ಚಿದ ಗೇಟು ನೋಡಿ ಬರಬೇಕು. ಮೇ 2ಕ್ಕೆ ಹಾಕಿಕೊಂಡರೆ ಸಾಲು ರಜೆಯ ನಟ್ಟನಡುವಿನ ಶನಿವಾರ, ಕಾಲಿಡಲು ಜಾಗ ಇರುವುದಿಲ್ಲ. ಮೇ 3 ಭಾನುವಾರ, ಅವತ್ತೂ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಅವರು ತೆರೆಯುವುದಿಲ್ಲ. ಉಳಿದದ್ದು ಏಪ್ರಿಲ್ 30, ಗುರುವಾರ. ಬೆಳಿಗ್ಗೆ ತೆರೆಯುವ ಹೊತ್ತಿನ ಸ್ಲಾಟ್ ಇವತ್ತೇ ಹುಡುಕಿ. ಈ ಲೇಖನ ಓದಿ ಮುಗಿಸುವುದಕ್ಕೆ ಮುಂಚೆ ಹುಡುಕಿದರೂ ನನಗೆ ಬೇಜಾರಿಲ್ಲ.

ಬುಧವಾರ 29ಕ್ಕೆ ರೋಮ್ ತಲುಪಿದ ಕೂಡಲೇ ಸಂತ ಪೀಟರ್ ಚರ್ಚಿಗೆ ಓಡಬೇಡಿ. ಬುಧವಾರ ಬೆಳಿಗ್ಗೆ ಪೋಪ್ ಜನರಿಗೆ ದರ್ಶನ ಕೊಡುವ ಸಮಯ, ಚೌಕ ತುಂಬಿರುತ್ತದೆ.

ಇನ್ನು "ಎಲ್ಲಾ ಬಂದ್" ಎನ್ನುವ ಮಾತು. ಬ್ಯಾಂಕು, ಅಂಚೆ, ಕಚೇರಿ, ಶಾಲೆ ಮುಚ್ಚಿರುತ್ತವೆ. ಅದರಿಂದ ನಿಮಗೇನೂ ಆಗಬೇಕಿಲ್ಲ. ಸೂಪರ್ ಮಾರ್ಕೆಟ್‌ಗಳಲ್ಲಿ ಕೆಲವು ಏಪ್ರಿಲ್ 25ಕ್ಕೆ ಅರ್ಧ ದಿನ ತೆರೆದಿರುತ್ತವೆ, ಮೇ 1ಕ್ಕೆ ಹೆಚ್ಚಿನವು ಮುಚ್ಚುತ್ತವೆ. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಹೋಟೆಲ್, ಕಾಫಿ ಬಾರ್, ಐಸ್‌ಕ್ರೀಂ ಅಂಗಡಿ ತೆರೆದೇ ಇರುತ್ತವೆ, ಅವರ ವ್ಯಾಪಾರದ ದಿನವೇ ಅದು. ಹಳ್ಳಿಗಳ ಮತ್ತು ಊರಾಚೆಯ ಕಥೆ ಬೇರೆ. ನೀವು ಅಲ್ಲಿಗೆ ಹೋಗುತ್ತಿಲ್ಲ. ನಿಜವಾಗಿ ಊರು ಖಾಲಿಯಾಗಿ "ರಜೆಗೆ ಹೋಗಿದ್ದೇವೆ" ಎಂದು ಶಟರಿಗೆ ಚೀಟಿ ಅಂಟಿಸುವುದು ಆಗಸ್ಟ್ ತಿಂಗಳಲ್ಲಿ. ನಮ್ಮ ಸ್ವಾತಂತ್ರ್ಯ ದಿನವೇ ಅವರಿಗೆ ಫೆರಾಗೊಸ್ತೊ. ರೋಮನ್ ದೊರೆ ಆಗಸ್ಟಸ್ ಕಾಲದಿಂದ ಬಂದ ರಜೆ. ನಿಮ್ಮ ಪರಿಚಯದವರು ಬಹುಶಃ ಆಗ ಹೋಗಿಬಂದಿರಬೇಕು.

ಇನ್ನೊಂದು ಕಡೆ, "ರಜೆ ದಿನ ಮ್ಯೂಸಿಯಂ ಫ್ರೀ, ನಿಮ್ಮ ಅದೃಷ್ಟ" ಎನ್ನುವವರೂ ಸಿಗುತ್ತಾರೆ. ಅದು ಅರ್ಧ ನಿಜ. ಸರ್ಕಾರಿ ಮ್ಯೂಸಿಯಂಗಳಿಗೆ ಏಪ್ರಿಲ್ 25, ಜೂನ್ 2, ನವೆಂಬರ್ 4 ಮತ್ತು ಪ್ರತಿ ತಿಂಗಳ ಮೊದಲ ಭಾನುವಾರ ಟಿಕೆಟ್ ಇಲ್ಲ. ಮೇ 1ಕ್ಕೆ ಈ ಸೌಲಭ್ಯ ಇಲ್ಲ. ವೆನಿಸ್‌ನ ಅಕಾಡೆಮಿಯಾ ಚಿತ್ರಶಾಲೆ ಸರ್ಕಾರದ್ದು, 25ಕ್ಕೆ ಫ್ರೀ. ಹಳೆಯ ದೊರೆಗಳ ಅರಮನೆ, ಅಂದರೆ ಡೋಜೆ ಅರಮನೆ ನಗರಸಭೆಯದ್ದು, ಅಲ್ಲಿ ದುಡ್ಡು ಕೊಡಲೇಬೇಕು. ಫ್ರೀ ದಿನದ ಇನ್ನೊಂದು ಮುಖ ಕೇಳಿ. ದುಡ್ಡು ಕೊಟ್ಟು ಮೊದಲೇ ಸಮಯ ಹಿಡಿಯುವ ಅವಕಾಶ ಎಷ್ಟೋ ಕಡೆ ಇರುವುದಿಲ್ಲ, ಬಂದವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು. ಮಂಡಿನೋವಿರುವ ಅತ್ತೆಯವರನ್ನು ಬಿಸಿಲಲ್ಲಿ ನಿಲ್ಲಿಸಿ ಉಳಿಸುವ ಹಣ ಎಷ್ಟು? ನಿಮ್ಮ ಇಬ್ಬರು ಮಕ್ಕಳೂ 18ರ ಒಳಗಿನವರು. ಸರ್ಕಾರಿ ಮ್ಯೂಸಿಯಂಗಳಲ್ಲಿ ಅವರಿಗೆ ವರ್ಷವಿಡೀ ಫ್ರೀ, ಯಾವ ದೇಶದವರಾದರೂ ಸರಿ. ಉಳಿದ ಮೂವರ ಟಿಕೆಟ್ ಹಣ ಕೊಟ್ಟು ಬೇರೆ ದಿನ ಹೋಗಿ.

ಇದೇ ಕಾರಣಕ್ಕೆ ಕೊಲೋಸಿಯಂ ಅನ್ನು ಮೇ 3ಕ್ಕೆ ಇಟ್ಟುಕೊಳ್ಳಬೇಡಿ, ಅದು ಮೊದಲ ಭಾನುವಾರ. ಮೇ 2ರ ಬೆಳಿಗ್ಗೆ ಇಟ್ಟುಕೊಳ್ಳಿ. ಜನ ಇರುತ್ತಾರೆ, ಆದರೆ ಸಮಯ ಹಾಕಿದ ಟಿಕೆಟ್ ಕೈಯಲ್ಲಿದ್ದರೆ ಸಾಲು ಬೇಗ ಸರಿಯುತ್ತದೆ. ಟಿಕೆಟ್ 30 ದಿನ ಮುಂಚೆ ಬಿಡುತ್ತಾರೆ, ಹೆಸರು ಹಾಕಿ ಕೊಡುತ್ತಾರೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ತುಂಬಿಸಿ. ಏಪ್ರಿಲ್ 2ಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ರಜೆಯ ದಿನ ಯಾವುದು ತೆರೆದಿದೆ ಎಂದು ತಿಳಿಯಲು ನನ್ನ ದಾರಿ ಸುಲಭ. ಪ್ರವಾಸ ಪುಸ್ತಕವನ್ನೂ ನಂಬುವುದಿಲ್ಲ, ಹೋಟೆಲ್ ರಿಸೆಪ್ಷನ್ನನ್ನೂ ನಂಬುವುದಿಲ್ಲ. ಆ ಜಾಗದ ಅಧಿಕೃತ ಟಿಕೆಟ್ ಕ್ಯಾಲೆಂಡರ್ ತೆರೆದು ಆ ದಿನಾಂಕ ಒತ್ತಿ ನೋಡುತ್ತೇನೆ. ಸ್ಲಾಟ್ ಕಂಡರೆ ತೆರೆದಿದೆ. ಫ್ರೀ ದಿನಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಫ್ಲಾರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಅಲ್ಲೊಂದು ಗುಂಡಿ ಇದೆ. 27 ಸೋಮವಾರ. ಉಫೀಜಿ ಚಿತ್ರಶಾಲೆಗೂ, ಮೈಕೆಲ್ಯಾಂಜೆಲೊ ಕೆತ್ತಿದ ಡೇವಿಡ್ ಇರುವ ಅಕಾಡೆಮಿಯಾಕ್ಕೂ ಪ್ರತಿ ಸೋಮವಾರ ವಾರದ ರಜೆ. ರಾಷ್ಟ್ರೀಯ ರಜೆಯ ಚಿಂತೆಯಲ್ಲಿ ಎಷ್ಟೋ ಜನ ಈ ವಾರದ ರಜೆಯನ್ನೇ ಮರೆಯುತ್ತಾರೆ. ಸೋಮವಾರ ರೈಲಿನಲ್ಲಿ ಪೀಸಾಕ್ಕೆ ಹೋಗಿಬನ್ನಿ, ಒಂದು ಗಂಟೆ ದಾರಿ. ವಾಲಿದ ಗೋಪುರ ಹತ್ತಲು 8 ವರ್ಷ ತುಂಬಿರಬೇಕು, ನಿಮ್ಮ ಮಗ ಪಾಸು. ಅತ್ತೆ ಕೆಳಗೆ ಹುಲ್ಲಿನ ಪಕ್ಕ ಕೂರಲಿ.

ವೆನಿಸ್‌ಗೆ ಬರೋಣ. ಏಪ್ರಿಲ್ 25 ಆ ಊರಿಗೆ ಎರಡೆರಡು ಹಬ್ಬ. ಅದು ಊರಿನ ಸಂತ ಮಾರ್ಕರ ದಿನವೂ ಹೌದು. ಅವತ್ತು ಗಂಡಸರು ಹೆಂಡತಿಗೋ ಪ್ರೇಯಸಿಗೋ ಒಂದು ಕೆಂಪು ಗುಲಾಬಿ ಮೊಗ್ಗು ಕೊಡುವ ಹಳೆಯ ರೂಢಿ ಇದೆ. ಯಜಮಾನರಿಗೆ ಈ ಸಾಲು ಓದಿಸಿ. ಮಾರ್ಕರ ಚರ್ಚಿನಲ್ಲಿ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಸಮಯ ಕಡಿಮೆ ಆಗಬಹುದು. ಅದನ್ನು 24ರ ಶುಕ್ರವಾರವೇ ನೋಡಿಬಿಡಿ.

ವೆನಿಸ್ ನಗರಸಭೆ 2024ರ ಏಪ್ರಿಲ್ 25ರಿಂದ ಪ್ರವೇಶ ಶುಲ್ಕ ಶುರುಮಾಡಿದೆ. ವರ್ಷದ ಆಯ್ದ ದಿನಗಳಲ್ಲಿ, ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ, ಬಂದು ಅದೇ ದಿನ ಹೋಗುವವರಿಗೆ. ಮುಂಚೆ ಕಟ್ಟಿದರೆ 5 ಯೂರೋ, ಕೊನೆ ಗಳಿಗೆಯಲ್ಲಿ 10. ನೀವು ಕಟ್ಟಬೇಕಿಲ್ಲ. ಮೆಸ್ತ್ರೆ ಕಾಲುವೆಗಳ ಊರಲ್ಲದಿದ್ದರೂ ವೆನಿಸ್ ನಗರಸಭೆಗೇ ಸೇರಿದ್ದು, ಅಲ್ಲಿ ರಾತ್ರಿ ತಂಗುವವರಿಗೆ ವಿನಾಯಿತಿ ಇದೆ. ಆದರೆ ವಿನಾಯಿತಿ ತಾನಾಗಿಯೇ ಬರುವುದಿಲ್ಲ. ನಗರಸಭೆಯ ಪುಟದಲ್ಲಿ ಹೋಟೆಲ್ ವಿವರ ತುಂಬಿಸಿ ಕ್ಯೂಆರ್ ಕೋಡ್ ಇಳಿಸಿಕೊಳ್ಳಬೇಕು. ಸ್ಟೇಷನ್ ಹೊರಗೆ ಜಾಕೆಟ್ ಹಾಕಿಕೊಂಡ ಹುಡುಗರು ನಿಲ್ಲಿಸಿ ಕೇಳುತ್ತಾರೆ. ಆಗ ಹೋಟೆಲ್ ಬಿಲ್ ಹುಡುಕುತ್ತಾ ಬ್ಯಾಗು ಬಿಚ್ಚುವ ಪಾಡು ಬೇಡ.

ಮೆಸ್ತ್ರೆಯಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. 25ಕ್ಕೆ ಸುತ್ತಮುತ್ತಲ ಊರಿನ ಜನವೆಲ್ಲ ಅದೇ ರೈಲಿಗೆ ಬರುತ್ತಾರೆ. ಎಂಟು ಗಂಟೆಯೊಳಗೆ ವೆನಿಸ್‌ನಲ್ಲಿರಿ. ಹನ್ನೊಂದರ ಹೊತ್ತಿಗೆ ರಿಯಾಲ್ತೊ ಸೇತುವೆ ಮೇಲೆ ಜನ ತಾವಾಗಿ ನಡೆಯುವುದಿಲ್ಲ, ಹಿಂದಿನವರು ತಳ್ಳಿದಷ್ಟು ಮುಂದೆ ಹೋಗುತ್ತಾರೆ. ಊರಿನಲ್ಲಿ 400ಕ್ಕೂ ಹೆಚ್ಚು ಸೇತುವೆ ಇವೆ, ಬಹುತೇಕ ಎಲ್ಲದಕ್ಕೂ ಮೆಟ್ಟಿಲು. ಅತ್ತೆಯವರಿಗೆ ದೋಣಿ ಬಸ್ಸಿನ ಇಡೀ ದಿನದ ಪಾಸ್ ತೆಗೆಯಿರಿ. ಒಂದು ಸಲದ ಟಿಕೆಟ್ಟೇ 9.50 ಯೂರೋ, ಮೂರು ಸಲ ಹತ್ತಿದರೆ ಪಾಸಿನ ದುಡ್ಡು ಬಂತು. ಮಧ್ಯಾಹ್ನದ ಜಂಗುಳಿ ಹೊತ್ತಿಗೆ ಕನ್ನಾರೆಜಿಯೊ ಕಡೆಯ ಗಲ್ಲಿಗಳಿಗೆ ಸರಿದುಬಿಡಿ, ಅಲ್ಲಿ ಕೂರಲು ಬೆಂಚೂ ಸಿಗುತ್ತದೆ, ನೆರಳೂ ಸಿಗುತ್ತದೆ.

26ಕ್ಕೆ ಫ್ಲಾರೆನ್ಸ್ ರೈಲು ಬೆಳಿಗ್ಗೆಯದೇ ಇರಲಿ. ಭಾನುವಾರ ಸಂಜೆ ರಜೆ ಮುಗಿಸಿ ಮನೆಗೆ ಹೋಗುವವರ ದಂಡು. ವೇಗದ ರೈಲಿನಲ್ಲಿ ಸೀಟು ನಂಬರ್ ಇರುತ್ತದೆ, ನಿಂತು ಹೋಗುವ ಭಯವಿಲ್ಲ, ಆದರೆ ದಿನ ಹತ್ತಿರ ಬಂದಷ್ಟೂ ದರ ಏರುತ್ತದೆ. ಊರಿಂದೂರಿಗೆ ಹೋಗುವ ಮೂರೂ ದೂರದ ಪ್ರಯಾಣಗಳ ಟಿಕೆಟ್ ಈಗಲೇ ತೆಗೆಯಿರಿ.

ಪ್ಯಾಸೆಂಜರ್ ರೈಲು ಮತ್ತು ಬಸ್ಸಿನ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಒಂದು ಮೇ 1ರಂದು ಹನ್ನೊಂದು ಜನರನ್ನು ಸ್ಯಾನ್ ಜಿಮಿನ್ಯಾನೊ ಎಂಬ ಗೋಪುರಗಳ ಊರಿಗೆ ಹೊರಡಿಸಿದೆ. ಆ ಊರಿಗೆ ರೈಲಿಲ್ಲ, ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಇಳಿದೆವು. ಬಸ್ ಸ್ಟಾಪಿನ ಗಾಜಿನ ಹಿಂದೆ ವೇಳಾಪಟ್ಟಿ ಇತ್ತು, ಗಂಟೆಗೊಂದು ಬಸ್ಸು ಕಾಣುತ್ತಿತ್ತು. ಅರ್ಧ ಗಂಟೆ ಕಾದೆವು, ಒಂದು ಗಂಟೆ ಕಾದೆವು. ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ಚಕ್ಕುಲಿ ಡಬ್ಬ ತೆರೆದರು. ಆಗ ಪಟ್ಟಿಯ ಹತ್ತಿರ ಮೂಗು ಹಚ್ಚಿ ನೋಡಿದೆ. ಪ್ರತಿ ಸಾಲಿನ ತಲೆಯ ಮೇಲೂ ಸಾಸಿವೆ ಗಾತ್ರದ ಚಿತ್ರ, ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಸುತ್ತಿಗೆ. ಸುತ್ತಿಗೆ ಇದ್ದರೆ ಕೆಲಸದ ದಿನದ ಬಸ್ಸು. ಶಿಲುಬೆ ಇದ್ದರೆ ಭಾನುವಾರ ಮತ್ತು ರಜೆ ದಿನದ್ದು. ನಮ್ಮ ಪಟ್ಟಿಯಲ್ಲಿ ಶಿಲುಬೆ ಒಂದೂ ಇರಲಿಲ್ಲ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ನಾನೇ ನೋಡಿರಲಿಲ್ಲ. ಬೇರೆ ಯಾರನ್ನೂ ದೂರುವಂತಿರಲಿಲ್ಲ. ಟ್ಯಾಕ್ಸಿ ಸಿಗುವಷ್ಟರಲ್ಲಿ ಚಕ್ಕುಲಿ ಖಾಲಿ.

ಆ ಸುತ್ತಿಗೆ ಮತ್ತು ಶಿಲುಬೆಯನ್ನು ನಿಮ್ಮ ಮಗಳಿಗೆ ಹೇಳಿಕೊಡಿ, ಈ ವಯಸ್ಸಿನವರ ಕಣ್ಣು ಚುರುಕು. ಶನಿವಾರ ಅಲ್ಲಿ ಸುತ್ತಿಗೆಯ ದಿನ. ಆದರೆ ರಜೆ ಶನಿವಾರ ಬಂದರೆ ಶಿಲುಬೆಯ ಲೆಕ್ಕ, ಅಂದರೆ ಈ ಸಲದ ಏಪ್ರಿಲ್ 25. ಮೇ 1ಕ್ಕಂತೂ ಕೆಲವು ಊರುಗಳಲ್ಲಿ ಬಸ್ಸು ಪೂರ್ತಿ ನಿಂತುಬಿಡುವುದೂ ಉಂಟು. ಟ್ಯಾಕ್ಸಿ ಇರುತ್ತದೆ, ರಜೆ ದಿನ ಮೀಟರ್ ಶುರುವಾಗುವುದೇ ಜಾಸ್ತಿ ದರದಿಂದ. ಅದು ಮೋಸ ಅಲ್ಲ, ನಿಯಮವೇ ಹಾಗೆ.

ನಿಮ್ಮ ಪರಿಚಯದವರು ಹೇಳುವ 'ಬಂದ್' ಇಟಲಿಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಅದರ ಹೆಸರು ಶೋಪೆರೊ, ಮುಷ್ಕರ. ನನ್ನನ್ನು ಕೇಳಿದರೆ ರಜೆಗಿಂತ ಅದರ ಮೇಲೆ ಕಣ್ಣಿಡಬೇಕು. ಕಾನೂನಿನ ಪ್ರಕಾರ ಮೊದಲೇ ಸಾರಿ ಮಾಡುತ್ತಾರೆ. ರೈಲು ಮುಷ್ಕರವಾದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು. ದೂರದ ರೈಲುಗಳಲ್ಲೂ ಕಡ್ಡಾಯವಾಗಿ ಓಡುವ ಕೆಲವನ್ನು ಪಟ್ಟಿ ಮಾಡಿರುತ್ತಾರೆ. ಹೊರಡುವ ವಾರ ಒಂದು ಸಲ ನೋಡಿಕೊಳ್ಳಿ, ಸಾಕು.

ಊಟದ ಮಾತು. ರಜೆ ದಿನ ಮಧ್ಯಾಹ್ನ ಅಲ್ಲಿನವರೂ ಮನೆಮಂದಿಯೆಲ್ಲ ಹೊರಗೆ ಉಣ್ಣುತ್ತಾರೆ, ಒಂದು ಟೇಬಲ್ ಎರಡು ಗಂಟೆ ಏಳುವುದಿಲ್ಲ. ಎರಡೂವರೆಗೆಲ್ಲ ಅಡುಗೆಮನೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ಶುಗರ್ ಇರುವವರಿಗೆ ಈ ನಡುವಿನ ಹೊತ್ತೇ ಕಷ್ಟ. 12:30ಕ್ಕೆ ಹೋಗಿ ಕೂರಿ, ಹಿಂದಿನ ದಿನವೇ ಟೇಬಲ್ ಹೇಳಿಡಿ. ಟೊಮ್ಯಾಟೊ ಪಾಸ್ತಾ, ಬೆಳ್ಳುಳ್ಳಿ ಎಣ್ಣೆಯ ಪಾಸ್ತಾ, ಚೀಸ್ ಇಲ್ಲದ ಮರಿನಾರಾ ಪಿಜ್ಜಾ, ಇವು ನಿಶ್ಚಿಂತೆ. ತರಕಾರಿ ಸೂಪ್ ಎಂದು ಬರೆದಿದ್ದರೂ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಕೇಳಿ. ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ. ಅತ್ತೆಯವರು ಕಟ್ಟುನಿಟ್ಟಿನವರಾದರೆ ತಟ್ಟೆಯ ಮೇಲೆ ಚೀಸ್ ಉದುರಿಸುವ ಮೊದಲೇ ಬೇಡ ಎನ್ನಿ. ರೋಮ್‌ನಲ್ಲಿ ಬಾಂಗ್ಲಾದೇಶದವರು ನಡೆಸುವ ಪುಟ್ಟ ಕಿರಾಣಿ ಅಂಗಡಿಗಳು ರಜೆ ದಿನವೂ ತೆರೆದಿರುವುದೇ ಜಾಸ್ತಿ. ಬಾಳೆಹಣ್ಣು, ಮೊಸರು, ಬ್ರೆಡ್ ಸಿಗುತ್ತದೆ. ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಪೇಡಾ, ಖೋವಾದ ಸಿಹಿ, ತುಪ್ಪದ ಡಬ್ಬ ಬೇಡ, ಹಾಲಿನ ಪದಾರ್ಥ ಹೊರಗಿನಿಂದ ಯುರೋಪಿಗೆ ತರುವಂತಿಲ್ಲ.

ಔಷಧಿ ಇಡೀ ಪ್ರವಾಸಕ್ಕೆ ಆಗುವಷ್ಟು ಇಲ್ಲಿಂದಲೇ, ಕೈಚೀಲದಲ್ಲಿ. ಡಾಕ್ಟರ್ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಮದ್ದಿನ ಮೂಲ ಹೆಸರೂ ಇರಲಿ. ರಜೆ ದಿನ ಪ್ರತಿ ಏರಿಯಾದಲ್ಲಿ ಒಂದಾದರೂ ಮೆಡಿಕಲ್ ಶಾಪು ಸರದಿ ಮೇಲೆ ತೆರೆದಿರುತ್ತದೆ. ಹಸಿರು ಶಿಲುಬೆಯ ಬೋರ್ಡಿನ ಮುಚ್ಚಿದ ಅಂಗಡಿ ಬಾಗಿಲಲ್ಲೇ, ಇವತ್ತು ಯಾವುದು ತೆರೆದಿದೆ ಎಂಬ ಚೀಟಿ ಅಂಟಿಸಿರುತ್ತಾರೆ. ತುರ್ತಿಗೆ 112.

ಒಟ್ಟಿನಲ್ಲಿ ನಿಮ್ಮ ಮುಂದೆ ಮೂರು ದಾರಿ. ವಿಮಾನ ಮುಂದೂಡಿದರೆ ದುಡ್ಡು ಹೋಗುವುದರ ಜೊತೆಗೆ ವೀಸಾ ದಿನಾಂಕ ದಾಟುವ ಅಪಾಯ ಇದೆ. ಬಂದಿರುವ ವೀಸಾದ ಮೇಲಿನ ತಾರೀಖು ಒಮ್ಮೆ ನೋಡಿ, ಅಲ್ಲಿಗೇ ಈ ದಾರಿ ಮುಚ್ಚಬಹುದು. ಊರುಗಳ ಕ್ರಮವನ್ನೇ ತಿರುಗಿಸಿ ಮೊದಲು ರೋಮ್ ಮಾಡಿದರೆ ಹೋಟೆಲ್ ಎಲ್ಲ ರದ್ದು, ಮೇ 1ರ ಸಾಲು ರಜೆಯಲ್ಲಿ ವೆನಿಸ್‌ಗೆ ಬಂದು ಬೀಳುತ್ತೀರಿ. ಅದು ಇನ್ನೂ ಇಕ್ಕಟ್ಟು. ನಾನಾದರೆ ಮೂರನೆಯದನ್ನೇ ಮಾಡುತ್ತೇನೆ: ಇರುವ ಪಟ್ಟಿ ಹಾಗೇ ಇಟ್ಟು, ವ್ಯಾಟಿಕನ್ ಅನ್ನು 30ಕ್ಕೆ, ಕೊಲೋಸಿಯಂ ಅನ್ನು 2ಕ್ಕೆ ಹಾಕಿ, ಮೇ 1ನ್ನು ಯಾವ ಟಿಕೆಟ್ಟೂ ಇಲ್ಲದ ದಿನವಾಗಿ ಬಿಡುವುದು. ಇದರಲ್ಲೂ ಒಂದು ತೊಡಕಿದೆ. 30ರ ಬೆಳಗಿನ ಸ್ಲಾಟ್ ಸಿಗದಿದ್ದರೆ ಮಧ್ಯಾಹ್ನದ್ದಾದರೂ ತೆಗೆದುಕೊಳ್ಳಬೇಕು, ಆಗ ಜನ ಜಾಸ್ತಿ. ವ್ಯಾಟಿಕನ್ ಕಾರಿಡಾರುಗಳಲ್ಲಿ ಕೂರಲು ಜಾಗ ಕಡಿಮೆ, ಅತ್ತೆಯವರಿಗೆ ಮಡಚುವ ಊರುಗೋಲು ಒಯ್ಯಿರಿ.

ಮೇ 1ಕ್ಕೆ ಏನು ಮಾಡುವುದು? ಬೆಳಿಗ್ಗೆ ಬೊರ್ಗೇಸೆ ಉದ್ಯಾನ. ಹನ್ನೊಂದೂವರೆಗೆ ಟ್ಯಾಕ್ಸಿ ಹಿಡಿದು ಜನಿಕೊಲೊ ಗುಡ್ಡಕ್ಕೆ ಹೋಗಿ, ಇಡೀ ರೋಮ್ ಕಾಣುತ್ತದೆ. ಸರಿಯಾಗಿ 12ಕ್ಕೆ ಅಲ್ಲಿ ದಿನಾಲೂ ತೋಪು ಹಾರಿಸುತ್ತಾರೆ, ಮಗ ಕುಣಿಯುತ್ತಾನೆ. ಅವತ್ತು ರೋಮ್‌ನವರು ಹಸಿ ಫಾವಾ ಕಾಳನ್ನು ಚೀಸ್ ಜೊತೆ ತಿನ್ನುತ್ತಾರೆ. ಹುಲ್ಲಿನ ಮೇಲೆ ಕೂತು ಕಾಯಿ ಸುಲಿಯುವುದನ್ನು ನೋಡಿದರೆ ಅತ್ತೆಯವರಿಗೆ ಅವರೆಕಾಯಿ ಸೀಸನ್ ನೆನಪಾಗದೆ ಇರುವುದಿಲ್ಲ.

ಕೊನೆಗೆ, ನೀವು ಖುಷಿಯಿಂದ ಬರೆದ ಒಂದು ಸಾಲು ನನಗೆ ಚಿಂತೆ ತಂದಿತು. ಹೋಟೆಲ್ ಸ್ಯಾನ್ ಜೊವಾನ್ನಿ ಮೆಟ್ರೋ ಪಕ್ಕ ಅಂದಿರಿ. ಮೇ 1ಕ್ಕೆ ಕಾರ್ಮಿಕ ಸಂಘಗಳು ರೋಮ್‌ನಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ಇಡುತ್ತವೆ. 1990ರಿಂದ ಬಂದ ಪದ್ಧತಿ, ಸಾಮಾನ್ಯವಾಗಿ ನಡೆಯುವುದು ಸ್ಯಾನ್ ಜೊವಾನ್ನಿ ಚೌಕದಲ್ಲೇ. ಮಧ್ಯಾಹ್ನ ಶುರುವಾದರೆ ನಡುರಾತ್ರಿಯವರೆಗೆ. ರಸ್ತೆ ಮುಚ್ಚುತ್ತಾರೆ, ಮೆಟ್ರೋ ಆ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗಬಹುದು, ಟ್ಯಾಕ್ಸಿ ಬಾಗಿಲವರೆಗೆ ಬರುವುದಿಲ್ಲ. ಮಗಳಿಗೆ ಹಬ್ಬ, ಅತ್ತೆಗೆ ನಿದ್ದೆಯಿಲ್ಲ. ಫ್ರೀಯಾಗಿ ರದ್ದು ಮಾಡುವ ಬುಕಿಂಗ್ ಆಗಿದ್ದರೆ ಈಗಲೇ ಬೇರೆ ಏರಿಯಾ ನೋಡಿ. ಇಲ್ಲವಾದರೆ ಹೋಟೆಲ್‌ಗೆ ಇವತ್ತೇ ಮೇಲ್ ಹಾಕಿ, ಹಿಂಬದಿಯ ಅಂಗಳದ ಕಡೆ ಕಿಟಕಿ ಇರುವ ರೂಮು ಕೇಳಿ. ಅವತ್ತು ಮಧ್ಯಾಹ್ನ ಎರಡರೊಳಗೆ ರೂಮಿಗೆ ಬಂದು ಅತ್ತೆಯವರನ್ನು ಮಲಗಿಸಿ, ಆಮೇಲೆ ಬೇಕಾದರೆ ಮಗಳ ಜೊತೆ ನೀವೂ ಕೆಳಗಿಳಿದು ಒಂದೆರಡು ಹಾಡು ಕೇಳಿಬನ್ನಿ.